ಮಿರಗ ಬರುವ ಮುನ್ನ ಹಿತ್ತಲ ಕೆಲಸ



ಮೇ ತಿಂಗಳು ಮಾತೆ ಮರಿಯಮ್ಮನವರ ತಿಂಗಳು. ಸಂಜೆ ಜಪಸರಕ್ಕೆ ಕೂಡುವಾಗ ಮಾತೆಯ ಸ್ವರೂಪದ ಮುಂದೆ ಇಡಲು ಮನೆಯದೇ ಒಂದು ಹಿಡಿ ಹೂವಿದ್ದರೆ ಎಷ್ಟು ಚೆನ್ನ ಎಂದು ಯಾರಿಗೆ ಅನಿಸುವುದಿಲ್ಲ? ಆದರೆ ಕಾಸಾರಶಿರಸಿ, ಉಮರ್ಗಾ, ನಿಲಂಗಾ, ಉದಗೀರ ಕಡೆಯಲ್ಲಿ ಮೇ ತಿಂಗಳೆಂದರೆ ಹೂವಿನ ಮಾತಿಗಿಂತ ನೀರಿನ ಮಾತೇ ಹೆಚ್ಚು. ಬಿಸಿಲು 40 ಡಿಗ್ರಿ ದಾಟಿರುತ್ತದೆ. ಕಪ್ಪು ನೆಲ ಕೈ ಹೋಗುವಷ್ಟು ಬಿರಿದಿರುತ್ತದೆ. ಹಿತ್ತಲಿಗೆ ಹೋದರೆ ಒಣಗಿದ ಗಿಡಗಳನ್ನು ನೋಡಿ ಮನಸ್ಸು ಸಪ್ಪಗಾಗುತ್ತದೆ.

2016ರ ಬೇಸಿಗೆ ನಮಗೆಲ್ಲ ನೆನಪಿದೆ. ಆ ವರ್ಷ ಏಪ್ರಿಲ್ 12ರಂದು ಮೀರಜದಿಂದ ಹೊರಟ ನೀರಿನ ರೈಲು ಲಾತೂರಿಗೆ ಬಂದು ನಿಂತದ್ದನ್ನು ದೇಶವೇ ನೋಡಿತು. ಮೊದಲ ಗಾಡಿಯಲ್ಲಿ ಬಂದದ್ದು 10 ವ್ಯಾಗನ್, 5 ಲಕ್ಷ ಲೀಟರ್ ನೀರು. ಜನರಿಗೇ ನೀರಿಲ್ಲದಿರುವಾಗ ಗಿಡಕ್ಕೆ ನೀರು ಹಾಕುವುದು ತಪ್ಪೇನೋ ಎನಿಸುತ್ತಿದ್ದ ಕಾಲ ಅದು. ನಮ್ಮ ಹಿತ್ತಲಲ್ಲಿದ್ದ ನಿಂಬೆಗಿಡ ಎಲೆಯೆಲ್ಲ ಉದುರಿಸಿ ಬರೀ ಮುಳ್ಳಾಗಿ ನಿಂತಿತ್ತು. ಇನ್ನು ಇದು ಚಿಗುರುವುದಿಲ್ಲ, ಕಡಿದರೆ ಒಲೆಗಾದರೂ ಆದೀತು ಎಂದು ಕೊಡಲಿ ಹಿಡಿದೆವು. ನೆರೆಮನೆಯ ಆಯಿ ಗೋಡೆಯಾಚೆಯಿಂದ ನೋಡಿದವಳೇ, "ತಡಿ ತಮ್ಮಾ, ಇನ್ನಾ ಜೀವ ಅದ ಅದರಾಗ. ಮಿರಗ ಬೀಳ್ಲಿ, ಆಮ್ಯಾಗ ಕಡೀಲಾಕ ಬರ್ತದ" ಎಂದಳು.

ಸಂತ ಲೂಕರ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಹೇಳಿದ ಅಂಜೂರದ ಮರದ ಸಾಮತಿ ಆಗ ನೆನಪಾಯಿತು. ಮೂರು ವರ್ಷ ಹಣ್ಣು ಬಿಡದ ಮರವನ್ನು ಕಡಿದುಬಿಡು ಎನ್ನುತ್ತಾನೆ ಯಜಮಾನ. ತೋಟಗಾರ ಇನ್ನೊಂದು ವರ್ಷ ಕೇಳುತ್ತಾನೆ. ಆದರೆ ಸುಮ್ಮನೆ ಕೇಳುವುದಿಲ್ಲ. ಬುಡದ ಸುತ್ತ ಅಗೆಯುತ್ತೇನೆ, ಗೊಬ್ಬರ ಹಾಕುತ್ತೇನೆ ಎಂದು ತಾನು ಮಾಡುವ ಕೆಲಸವನ್ನೂ ಹೇಳುತ್ತಾನೆ. ಈ ಸಾಮತಿಯ ಮೇಲೆ ಎಷ್ಟೋ ಪ್ರಬೋಧನೆ ಕೇಳಿದ್ದೇವೆ. ಬೇಸಿಗೆಯ ಕೊನೆಯಲ್ಲಿ ಹಿತ್ತಲಲ್ಲಿ ಮಾಡಬೇಕಾದ ಕೆಲಸವೂ ಅದರಲ್ಲಿದೆ ಎಂಬುದನ್ನು ಮಾತ್ರ ನಾವು ಗಮನಿಸಿರಲಿಲ್ಲ. ಇದು ನೆಡುವ ಕಾಲವಲ್ಲ. ಇದ್ದದ್ದನ್ನು ಉಳಿಸಿಕೊಳ್ಳುವ, ನೆಲ ಅಗೆದು ಗೊಬ್ಬರ ಕೂಡಿಸುವ, ಆತುರಪಡದೆ ಮಳೆಗೆ ಕಾಯುವ ಕಾಲ.

ಮೊದಲು ನಮ್ಮ ಮಣ್ಣನ್ನು ಅರಿಯೋಣ

ತೋಟಗಾರಿಕೆಯ ಪುಸ್ತಕಗಳು ಸಾಮಾನ್ಯವಾಗಿ ಕೆಂಪು ಮಣ್ಣನ್ನೋ ಮಲೆನಾಡನ್ನೋ ಮನಸ್ಸಿನಲ್ಲಿಟ್ಟು ಬರೆದವು. ನಮ್ಮದು ಎರೆಭೂಮಿ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಕಲ್ಲಾಗಿ, ಆ ಕಲ್ಲು ಸವೆದು ಆದ ಮಣ್ಣು ಇದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹಾಗೆ ಬಿರಿಯುವಾಗ ಗಿಡದ ಎಳೆಬೇರುಗಳೂ ಹರಿದುಹೋಗುತ್ತವೆ. ಆಳದಲ್ಲಿ ಉಳಿದಿದ್ದ ಚೂರು ತೇವವೂ ಬಿರುಕಿನಿಂದ ಆರಿಹೋಗುತ್ತದೆ.

ಆದ್ದರಿಂದ ಮೊದಲ ಕೆಲಸ ಬಿರುಕು ಮುಚ್ಚುವುದು. ಗಿಡದ ಸುತ್ತ ಕುರ್ಚಿಗೆಯಿಂದ ಎರಡು ಬೆರಳು ಆಳಕ್ಕೆ ಮಾತ್ರ ಕೆದಕಿ ಮಣ್ಣನ್ನು ಪುಡಿ ಮಾಡಿ. ಆಳವಾಗಿ ಅಗೆದರೆ ಬೇರಿಗೆ ಪೆಟ್ಟು. ಮೇಲಿನ ಪುಡಿಮಣ್ಣು ಬಿರುಕಿಗೆ ಇಳಿದು ಮುಚ್ಚಳದಂತೆ ಕೂಡುತ್ತದೆ. ಅದರ ಮೇಲೆ ಮೂರು ನಾಲ್ಕು ಅಂಗುಲ ದಪ್ಪ ಹೊದಿಕೆ ಹಾಕಿ. ಸೋಯಾ ಹೊಟ್ಟು, ಜೋಳದ ಕಣಿಕೆಯ ಚೂರು, ಕಬ್ಬಿನ ರವದಿ, ಒಣಗಿದ ಎಲೆ, ಯಾವುದು ಸಿಕ್ಕರೂ ಆದೀತು. ಕಾಂಡಕ್ಕೆ ಮಾತ್ರ ತಾಗಿಸಬೇಡಿ. ನಾಲ್ಕು ಬೆರಳು ಜಾಗ ಬಿಡಿ. ಇಲ್ಲವಾದರೆ ಗೆದ್ದಲು ಹತ್ತುತ್ತದೆ.

ರಾಶಿ ಮುಗಿದ ಮೇಲೆ ಹೊಲದಲ್ಲಿ ಉಳಿದ ಕಸಕ್ಕೆ ಬೆಂಕಿ ಇಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಹಾಗೆ ಸುಡುವ ಕಸದಲ್ಲಿ ಒಂದೆರಡು ಹೊರೆ ಕೇಳಿ ತಂದರೆ ಹಿತ್ತಲ ಗಿಡಗಳಿಗೆಲ್ಲ ಬೇಸಿಗೆಯ ಹೊದಿಕೆಯಾಗುತ್ತದೆ.

ಕೊಡಲಿ ಎತ್ತುವ ಮುನ್ನ ಉಗುರಿನಿಂದ ಗೀರಿ

ಎಲೆ ಉದುರಿದ ಗಿಡವೆಲ್ಲ ಸತ್ತ ಗಿಡವಲ್ಲ. ನೀರಿಲ್ಲದಾಗ ಎಲೆ ಕಳಚಿ ಜೀವ ಉಳಿಸಿಕೊಳ್ಳುವುದು ಗಿಡಕ್ಕೆ ಸೃಷ್ಟಿಕರ್ತನೇ ಕೊಟ್ಟ ಬುದ್ಧಿ. ಬೆರಳು ಗಾತ್ರದ ಟೊಂಗೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಗೀರಿ ನೋಡಿ. ಒಳಗೆ ಹಸಿರಾಗಿ ತೇವವಿದ್ದರೆ ಜೀವವಿದೆ. ಕಂದಾಗಿ ಒಣಗಿದ್ದರೆ ಇನ್ನೂ ಕೆಳಗೆ, ಬುಡದ ಹತ್ತಿರ ಗೀರಿ. ಅಲ್ಲಿ ಹಸಿರಿದ್ದರೂ ಸಾಕು, ಮಳೆ ಬಂದಾಗ ಬುಡದಿಂದ ಚಿಗುರುತ್ತದೆ. ಆದರೆ ಒಂದು ಎಚ್ಚರ. ಕಸಿ ಗಿಡವಾದರೆ ಕಸಿ ಕಟ್ಟಿದ ಗಂಟಿನ ಮೇಲಿನ ಭಾಗದಲ್ಲಿ ಹಸಿರಿರಬೇಕು. ಕೆಳಗಿನಿಂದ ಬರುವುದು ಕಾಡುಗಿಡದ ಚಿಗುರು.

ಪೂರ್ತಿ ಒಣಗಿದ ಟೊಂಗೆಗಳನ್ನು ಮಾತ್ರ ತೆಗೆಯಿರಿ. ಹಸಿ ಟೊಂಗೆಗಳನ್ನು ಮೇ ತಿಂಗಳಲ್ಲಿ ಕತ್ತರಿಸಿದರೆ ಗಿಡ ಇರುವ ಶಕ್ತಿಯನ್ನೆಲ್ಲ ಹೊಸ ಚಿಗುರಿಗೆ ಸುರಿದು ಬಿಸಿಲಿಗೆ ಸೋಲುತ್ತದೆ. ಗುಲಾಬಿಯನ್ನಂತೂ ಈಗ ಮುಟ್ಟಬೇಡಿ. ಬಾಡಿದ ಹೂ ಮಾತ್ರ ತೆಗೆಯಿರಿ. ಅದನ್ನು ಕತ್ತರಿಸುವ ಕಾಲ ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ.

ನಮ್ಮ ಹಿರಿಯರು ಬೇಕೆಂದೇ ಗಿಡಗಳಿಗೆ ನೀರು ನಿಲ್ಲಿಸುತ್ತಿದ್ದರು ಎಂಬುದು ಗೊತ್ತೆ? ಪೇರಲ, ದಾಳಿಂಬೆ, ನಿಂಬೆ ಜಾತಿಯ ಗಿಡಗಳಿಗೆ ಬೇಸಿಗೆಯ ಕೊನೆಯಲ್ಲಿ ನಾಲ್ಕರಿಂದ ಆರು ವಾರ ನೀರು ನಿಲ್ಲಿಸಿದರೆ ಅವು ಎಲೆ ಉದುರಿಸಿ ವಿಶ್ರಾಂತಿ ಪಡೆಯುತ್ತವೆ. ಮೃಗಶಿರ ಮಳೆ ಬಿದ್ದೊಡನೆ ಮೈತುಂಬ ಹೂ ಬಿಡುತ್ತವೆ. ಇದಕ್ಕೇ ಮೃಗ ಬಹಾರ ಎನ್ನುವುದು. ಆದ್ದರಿಂದ ಬಲಿತ ಪೇರಲ ಗಿಡ ಮೇ ತಿಂಗಳಲ್ಲಿ ಬಾಡಿದಂತೆ ಕಂಡರೆ ಕಂಗೆಡಬೇಡಿ. ಮೂರು ವರ್ಷಕ್ಕಿಂತ ಎಳೆಯ ಗಿಡಕ್ಕೆ ಮಾತ್ರ ಈ ಉಪವಾಸ ಬೇಡ, ಅದು ತಾಳಲಾರದು.

ಇರುವ ನೀರಿನಲ್ಲೇ

ಎಲ್ಲ ಗಿಡಕ್ಕೂ ಚೂರು ಚೂರು ನೀರು ಚಿಮುಕಿಸಿದರೆ ಯಾವುದೂ ಉಳಿಯುವುದಿಲ್ಲ. ಮೇಲೆ ಚಿಮುಕಿಸಿದ ನೀರು ಬೇರಿಗೆ ತಲುಪುವ ಮೊದಲೇ ಆರುತ್ತದೆ. ಮೊದಲು ಒಂದು ಲೆಕ್ಕ ಹಾಕಿ. ನೆಟ್ಟು ಎರಡು ವರ್ಷ ಆಗದ ಹಣ್ಣಿನ ಗಿಡಗಳಿಗೆ ಮೊದಲ ಸಾಲು. ಕರಿಬೇವು, ಮಲ್ಲಿಗೆಗೆ ಎರಡನೆಯದು. ಬಲಿತ ಬೇವು, ಹುಣಸೆ, ಸೀತಾಫಲಕ್ಕೆ ಬೇಕಿಲ್ಲ. ಬೇಸಿಗೆ ತರಕಾರಿ ಬಳ್ಳಿ ಕಾಯಿ ಕೊಟ್ಟು ಮುಗಿಸಿದ್ದರೆ ಮರುಗದೆ ಕಿತ್ತು ಗೊಬ್ಬರದ ಗುಂಡಿಗೆ ಹಾಕಿ.

ಬಲಿತ ನಿಂಬೆಗಿಡಕ್ಕೆ ನಾಲ್ಕೈದು ದಿನಕ್ಕೊಮ್ಮೆ ಎರಡು ಕೊಡ ನೀರು ಜೀವ ಹಿಡಿಯಲು ಸಾಕಾಗುತ್ತದೆ ಎಂಬುದು ನಮ್ಮ ಅನುಭವ. ಆ ನೀರನ್ನು ಕಾಂಡದ ಬುಡಕ್ಕೆ ಸುರಿಯಬೇಡಿ. ನೀರೆಳೆಯುವ ಬೇರು ಇರುವುದು ಟೊಂಗೆಗಳ ತುದಿಯ ನೇರಕ್ಕೆ ಕೆಳಗೆ. ನಿಂಬೆಗಂತೂ ಕಾಂಡ ಸದಾ ಹಸಿಯಾಗಿದ್ದರೆ ತೊಗಟೆ ಕೊಳೆತು ಅಂಟು ಸುರಿಯುತ್ತದೆ. ನೀರು ಹಾಕುವುದು ಸಂಜೆ ಇಲ್ಲವೆ ಬೆಳಗಿನ ಜಾವ.

ಐದು ಜನರ ಮನೆಯಲ್ಲಿ ತಲೆಗೆ ಒಂದು ಬಕೆಟ್ ಎಂದರೂ ದಿನಕ್ಕೆ 70-75 ಲೀಟರ್ ಸ್ನಾನದ ನೀರು ಮೋರಿ ಸೇರುತ್ತದೆ. ಅದನ್ನು ಚಿಕ್ಕ ಕಾಲುವೆ ಮಾಡಿ ಒಂದು ಗುಂಡಿಗೆ ತಿರುಗಿಸಿ. ಗುಂಡಿಯ ಸುತ್ತ ಬಾಳೆ ಅಥವಾ ಕೆಸು ನೆಟ್ಟರೆ ಅವು ಆ ನೀರಿನಲ್ಲೇ ಬದುಕುತ್ತವೆ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು ಯಾವ ಗಿಡಕ್ಕಾದರೂ ಆದೀತು. ಬಟ್ಟೆ ಒಗೆದ ಸೋಡಾ, ಪುಡಿಯ ನೀರು ಮಾತ್ರ ಬೇಡ. ಎರೆಮಣ್ಣು ಅದರಿಂದ ಇನ್ನಷ್ಟು ಗಟ್ಟಿಯಾಗುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಸ್ನಾನದ ನೀರೂ ಬೇಡ.

ಇನ್ನೊಂದು ಉಪಾಯ ಗಡಿಗೆಯದು. ಐದಾರು ಲೀಟರ್ ಹಿಡಿಯುವ, ಬಣ್ಣ ಹಚ್ಚದ ಮಣ್ಣಿನ ಗಡಿಗೆಯನ್ನು ಗಿಡದಿಂದ ಒಂದು ಮೊಳ ದೂರದಲ್ಲಿ ಕುತ್ತಿಗೆ ತನಕ ಹೂಳಿ. ನೀರು ತುಂಬಿ ಬಾಯಿಗೆ ಮುಚ್ಚಳ ಇಡಿ. ಮುಚ್ಚದಿದ್ದರೆ ಸೊಳ್ಳೆ ಹುಟ್ಟುತ್ತವೆ. ಸುತ್ತಲಿನ ಮಣ್ಣು ಒಣಗಿದಂತೆ ಗಡಿಗೆಯ ಮೈಯಿಂದ ನೀರು ಜಿನುಗುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿದರಾಯಿತು. ಚೀನಾ ದೇಶದಲ್ಲಿ 2000 ವರ್ಷಗಳ ಹಿಂದೆಯೇ ಈ ಪದ್ಧತಿಯನ್ನು ಕೃಷಿ ಗ್ರಂಥವೊಂದರಲ್ಲಿ ಬರೆದಿಟ್ಟಿದ್ದಾರೆ. ನಮಗೂ ಹೊಸದಾಗಿ ಕೊಳ್ಳಬೇಕಾದ್ದೇನಿಲ್ಲ. ಹಿಂದಿನ ಬೇಸಿಗೆಯ, ತಣ್ಣಗಾಗದ ಹಳೆಯ ಗಡಿಗೆ ಅಟ್ಟದ ಮೇಲೆ ಇದ್ದೇ ಇರುತ್ತದೆ. ಅದರ ಮೈಯಿಂದ ನೀರು ಜಿನುಗುತ್ತದೆಯೇ ಎಂದು ನೋಡಿಕೊಂಡು ಹೂಳಿದರಾಯಿತು.

ಗುಂಡಿ ಈಗ, ಸಸಿ ಆಮೇಲೆ

ಹಣ್ಣಿನ ಗಿಡ ನೆಡುವ ಆಸೆ ಇದ್ದವರು ಈಗಲೇ ಗುಂಡಿ ತೋಡಬೇಕು. ಮಳೆ ಬಿದ್ದ ಮೇಲೆ ಎರೆಮಣ್ಣು ಸಲಿಕೆಗೆ ಅಂಟಿಕೊಳ್ಳುತ್ತದೆ, ಕೆಲಸ ಸಾಗುವುದಿಲ್ಲ. ನಿಂಬೆ, ಪೇರಲ, ಸೀತಾಫಲಕ್ಕೆ ಉದ್ದ, ಅಗಲ, ಆಳ ಎಲ್ಲ ಎರಡು ಅಡಿ. ಮಾವಿಗೆ ಮೂರು ಅಡಿ. ತೋಡುವಾಗ ಮೇಲಿನ ಮಣ್ಣನ್ನು ಒಂದು ಕಡೆ, ಕೆಳಗಿನದನ್ನು ಇನ್ನೊಂದು ಕಡೆ ಹಾಕಿ. ಎರಡು ಮೂರು ವಾರ ಗುಂಡಿ ಬಿಸಿಲಿಗೆ ತೆರೆದಿರಲಿ. ಹುಳುವಿನ ಮೊಟ್ಟೆ, ರೋಗದ ಬೀಜ ಬಿಸಿಲಿಗೆ ಸಾಯುತ್ತವೆ. ಮಕ್ಕಳಿರುವ ಮನೆಯಲ್ಲಿ ಗುಂಡಿಯ ಮೇಲೆ ಮುಳ್ಳು ಹಾಸಿರಿ.

ಮೇ ಕೊನೆಯ ಹೊತ್ತಿಗೆ ಮೇಲಿನ ಮಣ್ಣಿಗೆ ಎರಡು ಮೂರು ಬುಟ್ಟಿ ಕೊಳೆತ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ, ಒಂದು ಬುಟ್ಟಿ ಮುರುಮ್ ಸೇರಿಸಿ ಗುಂಡಿ ತುಂಬಿ. ನೆಲಕ್ಕಿಂತ ಒಂದು ಗೇಣು ಎತ್ತರ ಇರಲಿ, ಮಳೆಗೆ ಇಳಿಯುತ್ತದೆ. ಎರೆಭೂಮಿಯಲ್ಲಿ ಬೇಸಿಗೆಯ ಬಾಯಾರಿಕೆಗಿಂತ ಮಳೆಗಾಲದಲ್ಲಿ ಬುಡದಲ್ಲಿ ನಿಂತ ನೀರಿನಿಂದ ಸಾಯುವ ಸಸಿಗಳೇ ಹೆಚ್ಚು ಎಂಬುದನ್ನು ಮರೆಯಬೇಡಿ. ಸಸಿ ಯಾವಾಗಲೂ ದಿಬ್ಬದ ಮೇಲೆ ಇರಬೇಕು.

ಗೊಬ್ಬರದ ವಿಷಯ. ನಮ್ಮ ಸೀಮೆಯ ಆಕಳಿಗೆ ದೇಶದಲ್ಲೇ ಹೆಸರಿದೆ. ಉದಗೀರದ ಪಕ್ಕದ ದೇವಣಿಯಿಂದಲೇ ದೇವಣಿ ತಳಿಗೆ ಆ ಹೆಸರು ಬಂದದ್ದು. ಆದರೆ ಯಾವ ತಳಿಯ ಸಗಣಿಯಾದರೂ ಹಸಿಯಾಗಿ ಹಾಕಬಾರದು. ಹಸಿ ಸಗಣಿ ಬೇರನ್ನು ಸುಡುತ್ತದೆ. ಗೆದ್ದಲನ್ನೂ, ನಾವು ಗೊಣ್ಣೆ ಹುಳು ಎನ್ನುವ, ಮರಾಠಿಯಲ್ಲಿ ಹುಮಣಿ ಎನ್ನುವ ಬೇರು ತಿನ್ನುವ ಹುಳುವನ್ನೂ ಕರೆಯುತ್ತದೆ. ಒಳ್ಳೆಯ ಗೊಬ್ಬರ ಕೈಗೆ ಅಂಟುವುದಿಲ್ಲ, ವಾಸನೆ ಬರುವುದಿಲ್ಲ, ಹೊಸ ಮಣ್ಣಿನಂತೆ ಉದುರುತ್ತದೆ.

ಗೊಣ್ಣೆ ಹುಳುವಿಗೆ ಮಳೆಗಾಲದ ಮೊದಲಲ್ಲೇ ಒಂದು ಉಪಾಯವಿದೆ. ಮೊದಲ ದೊಡ್ಡ ಮಳೆ ಬಿದ್ದ ಸಂಜೆ, ಕತ್ತಲಾಗುವ ಹೊತ್ತಿಗೆ ಇದರ ದುಂಬಿಗಳು ನೆಲದಿಂದ ಎದ್ದು ಬೇವು, ಬಾರೆ ಗಿಡಗಳ ಮೇಲೆ ಕೂಡುತ್ತವೆ. ಟೊಂಗೆ ಅಲುಗಿಸಿ ಕೆಳಗೆ ಬಿದ್ದವನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಮನೆಯ ಹುಡುಗರಿಗೆ ಇದು ಆಟದಂತೆ ಇರುತ್ತದೆ. ಒಂದು ಮನೆಯವರು ಮಾಡಿದರೆ ಪ್ರಯೋಜನ ಕಡಿಮೆ, ಓಣಿಯವರೆಲ್ಲ ಕೂಡಿ ಮಾಡಬೇಕು.

ಗೋಡೆಯಿಂದ ದೂರ, ಪಡುವಣಕ್ಕೆ ನೆರಳು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆದ ಭೂಕಂಪವನ್ನು ಈ ಸೀಮೆಯ ಯಾರೂ ಮರೆಯಲಾರರು. ಕಿಲ್ಲಾರಿ, ಸಾಸ್ತೂರು ಸುತ್ತಲಿನ ಊರುಗಳಲ್ಲಿ ಹತ್ತು ಸಾವಿರದಷ್ಟು ಜನ ಕಲ್ಲು ಮಣ್ಣಿನ ಗೋಡೆಗಳಡಿ ಪ್ರಾಣ ಬಿಟ್ಟರು. ಆಮೇಲೆ ಎಷ್ಟೋ ಊರುಗಳನ್ನು ಹೊಸ ಜಾಗಕ್ಕೆ ಸ್ಥಳಾಂತರಿಸಿದರು. ಹಳೆಯ ಊರಿನಲ್ಲಿ ಮನೆಗೆ ಮನೆ ಅಂಟಿ ಓಣಿಯೇ ನೆರಳಾಗಿತ್ತು. ಹೊಸ ಊರಿನಲ್ಲಿ ಅಂಗಳ ದೊಡ್ಡದಾಯಿತು, ಬಿಸಿಲೂ ದೊಡ್ಡದಾಯಿತು. ಅಲ್ಲಿ ಬೇವು ನೆಟ್ಟು ಬೆಳೆಸಿದ ಮನೆಗಳು ಇಂದು ನೆರಳಿನಲ್ಲಿ ಕೂತಿವೆ.

ನೆರಳಿನ ಮರವನ್ನು ಮನೆಯ ಪಡುವಣ ಬದಿಗೆ ನೆಡಿ. ಮಧ್ಯಾಹ್ನದ ಮೇಲಿನ ಬಿಸಿಲೇ ಗೋಡೆ ಕಾಯಿಸುವುದು. ಆದರೆ ಗೋಡೆಯಿಂದ 15 ಅಡಿಯಾದರೂ ದೂರವಿರಲಿ. ದೊಡ್ಡ ಮರ ಬೇಸಿಗೆಯಲ್ಲಿ ಅಡಿಪಾಯದ ಕೆಳಗಿನ ತೇವವನ್ನೂ ಹೀರುತ್ತದೆ. ಎರೆಮಣ್ಣು ಕುಗ್ಗಿ ಗೋಡೆ ಸೀಳುತ್ತದೆ. ಆಲ, ಅರಳಿಯನ್ನು ಮನೆಯ ಹತ್ತಿರ ತರಲೇಬೇಡಿ. ಜಾಗ ಕಡಿಮೆ ಇದ್ದವರಿಗೆ ನುಗ್ಗೆ, ಕರಿಬೇವು, ಸೀತಾಫಲ ಸಾಕು.

ಬೀಜ ಕೇಳುವಾಗ ಎರಡು ಭಾಷೆ

ನಿಲಂಗಾ, ಉದಗೀರ ತಾಲೂಕುಗಳು 1956ರ ತನಕ ಬೀದರ ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳು ಬೇರೆಯಾದರೂ ಅಡಿಗೆಮನೆ ಬೇರೆಯಾಗಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆ ಬಜಾರಿನಲ್ಲಿ ಮರಾಠಿ. ಬೀಜದಂಗಡಿಯಲ್ಲಿ ಇದರಿಂದ ಒಮ್ಮೊಮ್ಮೆ ಫಜೀತಿಯಾಗುತ್ತದೆ. ಚವಳಿಕಾಯಿ ಬೀಜ ಬೇಕೆಂದು ಬರೀ "ಚವಳಿ" ಕೇಳಿದರೆ ಅಂಗಡಿಯವರು ಅಲಸಂದೆ ಕಟ್ಟಿಕೊಡುತ್ತಾರೆ. ಮರಾಠಿಯ ಚವಳಿ ಅಲಸಂದೆ. ನಮ್ಮ ಚವಳಿಕಾಯಿಗೆ ಅವರು ಗವಾರ ಎನ್ನುತ್ತಾರೆ. ಹಾಗೆಯೇ ಪುಂಡಿಪಲ್ಯಕ್ಕೆ ಅಂಬಾಡಿ, ಹೀರೆಗೆ ದೋಡಕಾ, ಹಾಗಲಕ್ಕೆ ಕಾರಲೆ, ನುಗ್ಗೆಗೆ ಶೇವಗಾ, ಚೆಂಡು ಹೂವಿಗೆ ಝೆಂಡೂ ಎಂದು ಕೇಳಿ. ನಮ್ಮ ಮಕ್ಕಳಿಗೆ ಎರಡೂ ಹೆಸರು ಕಲಿಸಿ. ಮನೆಯ ಹೆಸರು ಮರೆತರೆ ಮೊದಲು ಮರೆಯಾಗುವುದು ಹಿತ್ತಲ ಹೆಸರುಗಳೇ.

ಮನೆಯಲ್ಲಿ ಕಟ್ಟಿಟ್ಟ ಬೀಜ ಇದ್ದರೆ ಈಗಲೇ ಪರೀಕ್ಷೆ ಮಾಡಿ. ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ದಿನವೂ ಬಟ್ಟೆ ಒದ್ದೆ ಮಾಡಿ. ವಾರ ಹತ್ತು ದಿನದಲ್ಲಿ ಏಳಕ್ಕಿಂತ ಹೆಚ್ಚು ಮೊಳೆತರೆ ಬೀಜ ಒಳ್ಳೆಯದು. ಐದಕ್ಕಿಂತ ಕಡಿಮೆಯಾದರೆ ಹೊಸದು ತನ್ನಿ.

ಬದನೆ, ಮೆಣಸಿನಕಾಯಿ, ಟೊಮೆಟೊ ಬೀಜಗಳನ್ನು ಮಾತ್ರ ಮೇ ಕೊನೆಗೆ ಮಡಿಯಲ್ಲಿ ಬಿತ್ತಬಹುದು. ಮಡಿ ಅರ್ಧ ಅಡಿ ಎತ್ತರ ಇರಲಿ. ನಾಲ್ಕು ಬೆರಳಿಗೊಂದು ಸಾಲು ಎಳೆದು ಬೀಜವನ್ನು ತೆಳ್ಳಗೆ ಉದುರಿಸಿ ಮುಚ್ಚಿ. ಮೇಲೆ ಹಳೆಯ ಸೀರೆಯ ನೆರಳು ಕಟ್ಟಿ. ಟೊಮೆಟೊ, ಬದನೆ ಸಸಿ ಸುಮಾರು ಒಂದು ತಿಂಗಳಿಗೆ, ಮೆಣಸಿನ ಸಸಿ 35-40 ದಿನಕ್ಕೆ ಕಿತ್ತು ನೆಡಲು ಬರುತ್ತವೆ. ಅಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಕಳೆದ ವರ್ಷ ಮಡಿಯಲ್ಲಿ ಸಸಿ ಕೊಳೆತಿದ್ದರೆ ಈ ವರ್ಷ ಏಪ್ರಿಲ್ ಮೇ ಬಿಸಿಲಿನಲ್ಲಿ ಮಡಿಗೆ ನೀರು ಹಾಕಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ ನಾಲ್ಕೈದು ವಾರ ಬಿಡಿ. ಒಳಗಿನ ಕಾವಿಗೆ ರೋಗ, ಕಳೆಯ ಬೀಜ ಸಾಯುತ್ತವೆ. 1976ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಪ್ರಕಟಿಸಿದ ವಿಧಾನ ಇದು. ಬಿಸಿಲು ಹೆಚ್ಚಿರುವ ನಮ್ಮ ಸೀಮೆಗೆ ಹೇಳಿ ಮಾಡಿಸಿದ್ದು.

ಇದೇ ಹೊತ್ತಿಗೆ ಬೇವಿನ ಹಣ್ಣು ಉದುರತೊಡಗುತ್ತದೆ. ಬೀಜ ಆರಿಸಿ ತೊಳೆದು ನೆರಳಿನಲ್ಲಿ ಒಣಗಿಸಿ ಇಡಿ. ಮಳೆಗಾಲದಲ್ಲಿ 50 ಗ್ರಾಂ ಬೀಜದ ತಿರುಳು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಸೋಸಿ, ಚೂರು ಸಾಬೂನು ಕರಗಿಸಿದರೆ ಎಲೆ ತಿನ್ನುವ ಹುಳುವಿಗೆ ಮನೆಯ ಔಷಧ ಸಿದ್ಧ. ಸಿಂಪಡಿಸುವುದು ಸಂಜೆ. ಬಿಸಿಲಿಗೆ ಇದರ ಸತ್ವ ಹೋಗುತ್ತದೆ.

ಮೊದಲ ಮಳೆಗೆ ಮೋಸಹೋಗಬೇಡಿ

ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎಂಬ ಗಾದೆ ನಮ್ಮ ಹಿರಿಯರದು. ಆದರೆ ಈಗ ಮೇ ಕೊನೆಯ ಗುಡುಗು ಮಳೆ ಒಂದು ದಿನ ಸುರಿದು ಹದಿನೈದು ದಿನ ಕಾಣೆಯಾಗುವುದು ಸಾಮಾನ್ಯ. ಮಣ್ಣಿನ ವಾಸನೆ ಮೂಗಿಗೆ ಬಂದೊಡನೆ ಕೈ ತಡೆಯುವುದಿಲ್ಲ. ಇದ್ದ ಬೀಜವನ್ನೆಲ್ಲ ಊರಿಬಿಡುತ್ತೇವೆ. ಆ ಮಳೆಯ ನೀರು ಬಿರುಕಿನಲ್ಲಿ ಇಳಿದುಹೋಗಿರುತ್ತದೆ. ಬೀಜ ಮೊಳೆತು, ಎರಡು ಎಲೆ ಬಿಟ್ಟು, ಬಿಸಿಲಿಗೆ ಒಣಗುತ್ತದೆ. ನಾವೂ ಹೀಗೆ ಎರಡು ವರ್ಷ ಬೀಜ ಕಳೆದುಕೊಂಡ ಮೇಲೆಯೇ ಬುದ್ಧಿ ಕಲಿತೆವು.

1972ರ ಮೇ 18ರಂದು ಸ್ಥಾಪನೆಯಾದ ಪರಭಣಿಯ ಮರಾಠವಾಡಾ ಕೃಷಿ ವಿಶ್ವವಿದ್ಯಾಲಯ, ಇಂದಿನ ವಸಂತರಾವ್ ನಾಯಿಕ್ ವಿಶ್ವವಿದ್ಯಾಲಯ, ರೈತರಿಗೆ ಪ್ರತಿ ವರ್ಷ ಹೇಳುವ ಮಾತೊಂದಿದೆ. 75ರಿಂದ 100 ಮಿಲಿಮೀಟರ್ ಮಳೆಯಾಗುವ ತನಕ ಬಿತ್ತಬೇಡಿ. ಹೊಲದವರಿಗೆ ಹೇಳಿದ ಈ ಮಾತು ಹಿತ್ತಲಿಗೂ ಸರಿ. ಮನೆಯಲ್ಲಿ ಮಳೆ ಅಳೆಯುವ ಸಾಧನ ಬೇಕಿಲ್ಲ. ಮಳೆಯ ಮರುದಿನ ಒಂದು ಗೇಣು ಅಗೆದು ನೋಡಿ. ತಳದ ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು. ಕೆಳಗೆ ಒಣ ಹೆಂಟೆ ಸಿಕ್ಕರೆ ಬೀಜದ ಗಂಟು ಬಿಚ್ಚಬೇಡಿ.

ನೆಲ ನೆನೆದ ಮೇಲೆ ಮಿರಗದಲ್ಲಿ ಊರುವವು ಹೀರೆ, ಹಾಗಲ, ಬೆಂಡೆ, ಚವಳಿ, ಅವರೆ, ಪುಂಡಿ. ಹಾಗಲದ ಬೀಜದ ಸಿಪ್ಪೆ ಗಟ್ಟಿ, ಒಂದು ರಾತ್ರಿ ನೆನೆಸಿ ಊರಿ. ಬಳ್ಳಿಗೆ ಗುಂಡಿಗೆ ಮೂರು ಬೀಜ ಹಾಕಿ ಬಲವಾದ ಒಂದನ್ನು ಉಳಿಸಿಕೊಳ್ಳಿ. ಮೆಂತ್ಯೆ, ಕೊತ್ತಂಬರಿ ಜಡಿಮಳೆಗೆ ಕೊಳೆಯುತ್ತವೆ, ಚಳಿಗಾಲಕ್ಕೆ ಬಿಡಿ. ನುಗ್ಗೆಗೆ ಮುಂಗೈ ದಪ್ಪದ, ಮೂರು ನಾಲ್ಕು ಅಡಿ ಉದ್ದದ ಟೊಂಗೆ ನೆಟ್ಟರೂ ಆಗುತ್ತದೆ, ಬೀಜ ಊರಿದರೂ ಆಗುತ್ತದೆ. ಗಿಡ ಮೂರಡಿ ಆದಾಗ ತುದಿ ಚಿವುಟಿ. ಇಲ್ಲವಾದರೆ ಮೇಲಕ್ಕೇ ಓಡಿ ಕಾಯಿ ಕೈಗೆಟುಕುವುದಿಲ್ಲ.

ಜೂನ್ 5ಕ್ಕೆ ಸಸಿ ಬೇಡ

ಪ್ರತಿ ವರ್ಷ ಜೂನ್ 5ರ ಪರಿಸರ ದಿನ ಶಾಲೆ, ಸಂಘ, ಧರ್ಮಕೇಂದ್ರಗಳಲ್ಲಿ ಸಸಿ ನೆಡುತ್ತಾರೆ. ಫೋಟೋ ಚೆನ್ನಾಗಿ ಬರುತ್ತದೆ. ನಮ್ಮ ಸೀಮೆಗೆ ಮುಂಗಾರು ಕಾಲಿಡುವುದು ಸಾಮಾನ್ಯವಾಗಿ ಜೂನ್ ಎರಡನೆಯ ವಾರದ ಹೊತ್ತಿಗೆ. ಒಮ್ಮೊಮ್ಮೆ ಅದಕ್ಕೂ ತಡ. ಕಾದ ನೆಲದಲ್ಲಿ ನೆಟ್ಟ ಸಸಿ ಫೋಟೋ ಗೋಡೆ ಏರುವ ಮೊದಲೇ ಒಣಗಿರುತ್ತದೆ. ಇದರಿಂದ ಮಕ್ಕಳು ಕಲಿಯುವುದು ಏನು? ನೆಡುವುದು ಒಂದು ಸಮಾರಂಭ, ನೋಡಿಕೊಳ್ಳುವುದು ನಮ್ಮ ಕೆಲಸವಲ್ಲ ಎಂಬುದನ್ನು.

ಜೂನ್ 5ರಂದು ಗುಂಡಿ ತುಂಬುವ ಕೆಲಸ ಇಟ್ಟುಕೊಳ್ಳೋಣ. ಒಂದೊಂದು ಮನೆಯಿಂದ ಒಂದು ಬುಟ್ಟಿ ಗೊಬ್ಬರ ತಂದು ದೇವಾಲಯದ ಆವರಣದ ಗುಂಡಿಗಳಿಗೆ ಹಾಕಲಿ. ಸಸಿ ನೆಡುವುದು ಜುಲೈ ಮೊದಲ ವಾರ. 1950ರಲ್ಲಿ ಕೆ. ಎಂ. ಮುನ್ಶಿಯವರು ಆರಂಭಿಸಿದ ವನಮಹೋತ್ಸವದ ವಾರವೂ ಅದೇ. ಪ್ರತಿ ಸಸಿಗೆ ಒಂದು ಕುಟುಂಬದ ಹೆಸರು ಹಚ್ಚಿ, ಮುಂದಿನ ಎರಡು ಬೇಸಿಗೆಯ ನೀರಿನ ಹೊಣೆ ಆ ಕುಟುಂಬಕ್ಕೆ ಕೊಡೋಣ. ಐವತ್ತು ಸಸಿ ನೆಟ್ಟು ಐದು ಉಳಿಯುವುದಕ್ಕಿಂತ ಹತ್ತು ನೆಟ್ಟು ಹತ್ತೂ ಉಳಿದರೆ ಲೇಸು. 2015ರ ಮೇ 24ರಂದು ವಿಶ್ವಗುರು ಫ್ರಾನ್ಸಿಸರು ಸಹಿ ಹಾಕಿದ 'ಲೌದಾತೊ ಸೀ' ವಿಶ್ವಪತ್ರ ಈ ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕಾಣಲು ಕಲಿಸಿದೆ. ಮನೆಗೆ ಬಂದ ಹೊಸ ಕೂಸನ್ನು ಯಾರೂ ಒಂದು ದಿನ ಎತ್ತಿ ಆಡಿಸಿ ಬಿಟ್ಟುಬಿಡುವುದಿಲ್ಲ.

ಮೇ 15 ರೈತರ ಪಾಲಕ ಸಂತ ಇಸಿದೋರರ ಹಬ್ಬ. ಸ್ಪೇನ್ ದೇಶದ ಮ್ಯಾಡ್ರಿಡ್ ಬಳಿ ಇನ್ನೊಬ್ಬರ ಹೊಲದಲ್ಲಿ ದುಡಿದ ಕೂಲಿಯಾಳು ಅವರು. 1622ರಲ್ಲಿ ಸಂತ ಇಗ್ನಾಸಿಯವರು, ಸಂತ ಫ್ರಾನ್ಸಿಸ್ ಜೇವಿಯರರ ಜೊತೆಯಲ್ಲೇ ಧರ್ಮಸಭೆ ಅವರನ್ನು ಸಂತರ ಸಾಲಿಗೆ ಸೇರಿಸಿತು. ಆ ದಿನದ ಬಲಿಪೂಜೆಗೆ ನಮ್ಮ ಬೀಜದ ಗಂಟುಗಳನ್ನು ತಂದು ಗುರುಗಳಿಂದ ಆಶೀರ್ವದಿಸಿಕೊಂಡು, ಹೆಚ್ಚಿದ್ದವರು ಇಲ್ಲದವರಿಗೆ ಒಂದು ಹಿಡಿ ಕೊಟ್ಟರೆ ಎಷ್ಟು ಚೆನ್ನ.

ಹೂವಿನ ಮಾತಿನಿಂದ ಆರಂಭಿಸಿದೆವಲ್ಲ, ಅದನ್ನೂ ಹೇಳಿಬಿಡುತ್ತೇವೆ. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನೋತ್ಸವ. ಚೆಂಡು ಹೂ ಬಿತ್ತಿದ ಎರಡು ತಿಂಗಳ ನಂತರ ಹೂ ಕೊಡತೊಡಗುತ್ತದೆ. ಜೂನ್ ಕೊನೆಯೊಳಗೆ ಮಡಿಗೆ ಬೀಜ ಬಿದ್ದರೆ ಹಬ್ಬದ ಪೀಠಕ್ಕೆ ನಮ್ಮ ಹಿತ್ತಲ ಹೂವೇ ಆದೀತು. ಬದನೆ, ಟೊಮೆಟೊ ಸಾಲಿನ ನಡುವೆ ನೆಟ್ಟರೆ ಬೇರಿಗೆ ಗಂಟು ಕಟ್ಟುವ ಜಂತುವಿನ ಕಾಟವೂ ಕಡಿಮೆಯಾಗುತ್ತದೆ.

ಆ ನಿಂಬೆಗಿಡ ಏನಾಯಿತು ಎಂದು ಕೇಳುವಿರಿ. ಆಯಿಯ ಮಾತಿಗೆ ಕೊಡಲಿ ಕೆಳಗಿಟ್ಟು ತೊಗಟೆ ಗೀರಿ ನೋಡಿದೆವು. ಬುಡದಿಂದ ಎರಡಡಿ ಮೇಲೆ ಎಳೆ ಹಸಿರು ಕಂಡಿತು. ಸುತ್ತ ಕೆದಕಿ, ಹೊಟ್ಟು ಹೊದಿಸಿ, ಪಾತ್ರೆ ತೊಳೆಯುವ ಮುಂಚಿನ ಅಕ್ಕಿ ಬೇಳೆಯ ನೀರನ್ನು ಅದಕ್ಕೇ ಮೀಸಲಿಟ್ಟೆವು. ಆ ವರ್ಷ ಮಳೆ ತಡವಾಯಿತು. ಮಿರಗ ಮುಗಿಯುತ್ತ ಬಂದಾಗ ಬಂತು. ಹತ್ತು ದಿನಕ್ಕೆ ಮುಳ್ಳಿನ ಬುಡದಲ್ಲಿ ಕೆಂಪು ಚಿಗುರು, ಅದರ ಬೆನ್ನಿಗೇ ಬಿಳಿ ಹೂವು. ಕ್ರಿಸ್ಮಸ್ ಹೊತ್ತಿಗೆ ಆರಿಸಿದ ಕಾಯಿಯಲ್ಲಿ ಮೊದಲ ಬುಟ್ಟಿ ಗೋಡೆಯಾಚೆ ಹೋಯಿತು. ಆಯಿ ಅದರಲ್ಲಿ ಉಪ್ಪಿನಕಾಯಿ ಹಾಕಿ ಒಂದು ಭರಣಿ ನಮಗೇ ತಿರುಗಿ ಕೊಟ್ಟಳು.

ಸಾಮತಿಯ ಅಂಜೂರದ ಮರ ಮುಂದಿನ ವರ್ಷ ಹಣ್ಣು ಬಿಟ್ಟಿತೋ ಇಲ್ಲವೋ ಎಂದು ಪ್ರಭು ಹೇಳಲಿಲ್ಲ. ತೋಟಗಾರ ಏನು ಮಾಡುವೆನೆಂದನೋ ಅಷ್ಟನ್ನು ಹೇಳಿ ನಿಲ್ಲಿಸಿದರು. ಈ ಸಂಜೆ ಜಪಸರ ಮುಗಿದ ಮೇಲೆ ಒಮ್ಮೆ ಹಿತ್ತಲಿಗೆ ಹೋಗಿ ಬನ್ನಿ. ಒಣಗಿದಂತೆ ಕಾಣುವ ಗಿಡವನ್ನು ಉಗುರಿನಿಂದ ಗೀರಿ ನೋಡಿ. ಹಸಿರು ಕಂಡರೆ ನಾಳೆ ಅದರ ಬುಡದಿಂದಲೇ ಕೆಲಸ ಆರಂಭಿಸಿ.